ಕೆ2-18ಬಿ: ಸಿಂಹ ರಾಶಿಯ ದೂರದ ಗ್ರಹದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆಯ ಸಂಜೆ ಶಾಲೆ ಮೈದಾನದಲ್ಲಿ ಟೆಲಿಸ್ಕೋಪ್ ಇಟ್ಟು ಮಕ್ಕಳಿಗೆ ಆಕಾಶ ತೋರಿಸುವುದು ನನಗೆ ಇಷ್ಟದ ಕೆಲಸ. ಮೊದಲೆಲ್ಲ ಚಂದ್ರನ ಕುಳಿ, ಶನಿಯ ಬಳೆ ತೋರಿಸಿದರೆ ಸಾಕಾಗುತ್ತಿತ್ತು. 2025ರ ಏಪ್ರಿಲ್ ಆದಮೇಲೆ ಮಕ್ಕಳೂ ಅವರನ್ನು ಕರೆತಂದ ಅಪ್ಪ-ಅಮ್ಮಂದಿರೂ ಒಂದೇ ಗ್ರಹದ ಹೆಸರು ಹಿಡಿದು ಕೇಳತೊಡಗಿದರು. ಕತ್ತಲಲ್ಲಿ ನಿಂತು ಎರಡು ಮಾತಿನಲ್ಲಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ನಿಧಾನವಾಗಿ ಬರೆದಿದ್ದೇನೆ.

ಮೊದಲು ಇದು ಹೇಳಿ: ಅಲ್ಲಿ ಜೀವಿಗಳು ಸಿಕ್ಕಿವೆಯಾ?

ಇಲ್ಲ. ಸಿಕ್ಕಿಲ್ಲ. "ಜೀವ ಪತ್ತೆ" ಎಂದು ಟಿವಿಯಲ್ಲಿ ಓಡಿದ ಸಾಲು ತಪ್ಪು. ಒಂದು ಅನಿಲದ ಸುಳಿವು ಸಿಕ್ಕಿರಬಹುದು ಎಂದು ಒಂದು ತಂಡ ಹೇಳಿತು. ಆ ಅನಿಲವನ್ನು ಭೂಮಿಯಲ್ಲಿ ಮುಖ್ಯವಾಗಿ ಕಡಲಿನ ಸಣ್ಣ ಜೀವಿಗಳು ಮಾಡುತ್ತವೆ. ಆ ಸುಳಿವನ್ನು ಬೇರೆ ತಂಡಗಳು ಒಪ್ಪಲಿಲ್ಲ. ಇಷ್ಟೇ ನಡೆದದ್ದು. ಆದರೆ ಈ "ಇಷ್ಟೇ" ಒಳಗೆ ತುಂಬಾ ಸ್ವಾರಸ್ಯ ಇದೆ.

ಈ ಗ್ರಹ ಎಲ್ಲಿದೆ? ಎಷ್ಟು ದೂರ?

ಸಿಂಹ ರಾಶಿಯ ದಿಕ್ಕಿನಲ್ಲಿ, ಸುಮಾರು 124 ಜ್ಯೋತಿರ್ವರ್ಷ ದೂರದಲ್ಲಿದೆ. ಮಘೆ, ಹುಬ್ಬೆ, ಉತ್ತರೆ ಮಳೆಗಳ ಹೆಸರು ನಮ್ಮ ರೈತರಿಗೆ ಬಾಯಿಪಾಠ. ಆ ಮೂರೂ ನಕ್ಷತ್ರಗಳು ಸಿಂಹದಲ್ಲೇ ಇವೆ. ಮಘೆ ಸಿಂಹದ ಎದೆಯ ಹತ್ತಿರ, ಉತ್ತರೆ ಬಾಲದ ತುದಿಯಲ್ಲಿ. ಆ ಬಾಲದಿಂದ ಸ್ವಲ್ಪ ದಕ್ಷಿಣಕ್ಕೆ ಕೆ2-18 ಎಂಬ ಮಂಕು ನಕ್ಷತ್ರ ಇದೆ. ನಮ್ಮ ಗ್ರಹ ಸುತ್ತುವುದು ಅದನ್ನು.

124 ಜ್ಯೋತಿರ್ವರ್ಷ ಅಂದರೆ ಬೆಳಕು 124 ವರ್ಷ ಓಡುವ ದೂರ. ಕಿಲೋಮೀಟರ್ ಲೆಕ್ಕದಲ್ಲಿ ಸಾವಿರದ ನೂರು ಲಕ್ಷ ಕೋಟಿಗಿಂತ ಜಾಸ್ತಿ. ಆ ಸಂಖ್ಯೆ ಯಾರ ತಲೆಗೂ ಹೋಗುವುದಿಲ್ಲ. ಮಕ್ಕಳಿಗೆ ನಾನು ಬೇರೆ ರೀತಿ ಹೇಳುತ್ತೇನೆ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲ ಸಲ ಕೋಲಾರದ ಚಿನ್ನದ ಗಣಿಗೆ ಹೋಯಿತಲ್ಲ, ಹೆಚ್ಚುಕಡಿಮೆ ಆ ಹೊತ್ತಿಗೆ ಅಲ್ಲಿಂದ ಹೊರಟ ಬೆಳಕು ಈಗ ನಮ್ಮ ಟೆಲಿಸ್ಕೋಪಿಗೆ ಬಂದು ಬೀಳುತ್ತಿದೆ.

ಇದು ಸಿಕ್ಕಿದ್ದು ಹೇಗೆ?

ನಾಸಾದ ಕೆಪ್ಲರ್ ದೂರದರ್ಶಕ 2009ರಲ್ಲಿ ಹಾರಿತು. ನಕ್ಷತ್ರಗಳನ್ನು ಎವೆಯಿಕ್ಕದೆ ನೋಡುವುದು, ಬೆಳಕು ಚೂರು ಮಂಕಾದರೆ ಬರೆದಿಟ್ಟುಕೊಳ್ಳುವುದು, ಅದರ ಕೆಲಸ. ಗ್ರಹ ತನ್ನ ನಕ್ಷತ್ರದ ಮುಂದೆ ಹಾಯ್ದಾಗ ಬೆಳಕು ಒಂಚೂರು ಕಡಿಮೆಯಾಗುತ್ತದೆ. 2012ರ ಜೂನ್‌ನಲ್ಲಿ ಸೂರ್ಯನ ಮೇಲೆ ಕಪ್ಪು ಚುಕ್ಕೆ ಸಾಗಿದ ಶುಕ್ರ ಸಂಕ್ರಮವನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅದೇ ಸಂಗತಿ ಇಲ್ಲೂ ನಡೆಯುತ್ತದೆ, ದೂರ ಮಾತ್ರ ಬೇರೆ.

2013ರಲ್ಲಿ ಕೆಪ್ಲರ್ ಕೆಟ್ಟಿತು. ಅದನ್ನು ಅಲುಗಾಡದಂತೆ ಹಿಡಿಯುತ್ತಿದ್ದ ನಾಲ್ಕು ಚಕ್ರಗಳಲ್ಲಿ ಎರಡು ನಿಂತುಹೋದವು. ಕೆಲಸ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಆಗ ಎಂಜಿನಿಯರ್‌ಗಳು ಒಂದು ಉಪಾಯ ಹುಡುಕಿದರು. ಬಿಸಿಲಿಗೂ ಒಂದು ಸಣ್ಣ ಒತ್ತಡ ಇರುತ್ತದೆ. ಆ ಒತ್ತಡ ಎರಡೂ ಕಡೆ ಸಮವಾಗಿ ಬೀಳುವಂತೆ ದೂರದರ್ಶಕವನ್ನು ತಿರುಗಿಸಿಟ್ಟರು. ಉಳಿದ ಎರಡು ಚಕ್ರಗಳಲ್ಲೇ ಅದು ಮತ್ತೆ ನಿಂತಿತು. ಹೀಗೆ 2014ರಲ್ಲಿ ಶುರುವಾದ ಎರಡನೇ ಜೀವಕ್ಕೆ ಕೆ2 ಎಂದು ಹೆಸರು. ಗ್ರಹದ ಹೆಸರಿನ ಮೊದಲ ಅಕ್ಷರ ಬಂದದ್ದು ಅಲ್ಲಿಂದ.

ಇನ್ನೊಂದು ಮಾತು. ಈ ಉಪಾಯ ನಡೆಯುವುದು ಸೂರ್ಯ ಸಾಗುವ ದಾರಿಯ ಆಸುಪಾಸಿನ ಆಕಾಶವನ್ನು ನೋಡುವಾಗ ಮಾತ್ರ. ಆ ದಾರಿಯೇ ನಮ್ಮ ಹನ್ನೆರಡು ರಾಶಿಗಳ ಪಟ್ಟಿ. ಹಾಗಾಗಿ ಕೆ2 ಹುಡುಕಿದ ಗ್ರಹಗಳು ರಾಶಿಚಕ್ರದ ಉದ್ದಕ್ಕೂ ಸಿಗುತ್ತವೆ. ನಮ್ಮದು ಸಿಂಹದಲ್ಲಿ ಸಿಕ್ಕಿತು. ಜಾತಕಕ್ಕೂ ಇದಕ್ಕೂ ಸಂಬಂಧ ಇಲ್ಲ, ಎರಡು ಚಕ್ರ ಕೆಟ್ಟದ್ದೇ ಕಾರಣ.

2015ರಲ್ಲಿ ಪತ್ತೆಯಾದಾಗ ಕೈಯಲ್ಲಿದ್ದದ್ದು ಬರೀ ಎರಡು ಸಲ ಬೆಳಕು ತಗ್ಗಿದ ದಾಖಲೆ. ಆಮೇಲೆ ಸ್ಪಿಟ್ಜರ್ ದೂರದರ್ಶಕ ಇನ್ನೊಮ್ಮೆ ನೋಡಿ, ಹೌದು, ಇದು ಗ್ರಹವೇ ಎಂದು ಖಚಿತಪಡಿಸಿತು.

ಎಷ್ಟು ದೊಡ್ಡದು? ಎಷ್ಟು ತೂಕ?

ಅಡ್ಡಗಲ ಭೂಮಿಯ 2.6 ಪಟ್ಟು. ಅದರೊಳಗೆ 17 ಭೂಮಿ ತುಂಬಿದರೂ ಸ್ವಲ್ಪ ಜಾಗ ಉಳಿಯುತ್ತದೆ. ಆದರೆ ದ್ರವ್ಯರಾಶಿ ಸುಮಾರು 8.6 ಭೂಮಿಯಷ್ಟು ಮಾತ್ರ. ಅಂದರೆ ಸಾಂದ್ರತೆ ಭೂಮಿಯ ಅರ್ಧದಷ್ಟು. ಕಲ್ಲು-ಕಬ್ಬಿಣ ಮಾತ್ರ ಇದ್ದರೆ ಇಷ್ಟು ಹಗುರ ಆಗುವುದಿಲ್ಲ. ನೀರೋ ಅನಿಲವೋ ಎರಡೂನೋ, ಹಗುರವಾದ ಏನೋ ಒಂದು ಧಾರಾಳವಾಗಿ ಇರಲೇಬೇಕು.

ತೂಕ ನೋಡಿದರೆ ಆಶ್ಚರ್ಯ ಆಗುತ್ತದೆ. ಇಲ್ಲಿ 50 ಕಿಲೋ ತೂಗುವವರು ಅಲ್ಲಿ ಸುಮಾರು 63 ಕಿಲೋ ತೂಗುತ್ತಾರೆ. ಅಷ್ಟು ಭಾರದ ಗ್ರಹವಾದರೂ ಮೇಲ್ಭಾಗ ನಡುವಿನಿಂದ ದೂರ ಇರುವುದರಿಂದ ಸೆಳೆತ ಅಷ್ಟೇನೂ ಏರುವುದಿಲ್ಲ. ಆದರೆ ನಿಲ್ಲುವುದಕ್ಕೆ ಅಲ್ಲಿ ಗಟ್ಟಿ ನೆಲ ಇರುವುದು ಅನುಮಾನ.

"ಎರಡನೇ ಭೂಮಿ" ಅಂತಾರಲ್ಲ?

ದಯವಿಟ್ಟು ಹಾಗೆ ಕರೆಯಬೇಡಿ. ಇದು ಭೂಮಿಯ ಜಾತಿಯದಲ್ಲ. ಭೂಮಿಗಿಂತ ದೊಡ್ಡದು, ನೆಪ್ಚೂನ್‌ಗಿಂತ ಚಿಕ್ಕದು. ನಮ್ಮ ಸೂರ್ಯನ ಸಂಸಾರದಲ್ಲಿ ಈ ಗಾತ್ರದ ಗ್ರಹ ಒಂದೂ ಇಲ್ಲ. ಹೊರಗೆ ಮಾತ್ರ ರಾಶಿ ರಾಶಿ ಇವೆ. ಇದುವರೆಗೆ ಖಚಿತವಾದ ಹೊರಗ್ರಹಗಳು 6,000 ದಾಟಿವೆ, ಅವುಗಳಲ್ಲಿ ಭೂಮಿ ಮತ್ತು ನೆಪ್ಚೂನ್ ನಡುವಿನ ಗಾತ್ರದವು ತುಂಬಾ ಸಾಮಾನ್ಯ. ವಿಶ್ವದಲ್ಲಿ ಎಲ್ಲೆಲ್ಲೂ ಇರುವ ಬಗೆ ನಮ್ಮ ಮನೆಯಲ್ಲಿ ಮಾತ್ರ ಇಲ್ಲ. ನನಗೆ ಈ ಗ್ರಹದ ಬಗ್ಗೆ ಇಷ್ಟು ಆಸೆ ಹುಟ್ಟಿದ್ದೇ ಈ ಒಂದು ವಿಷಯದಿಂದ.

ಅಲ್ಲಿ ಒಂದು ವರ್ಷ ಎಷ್ಟು ದಿನ?

ಸುಮಾರು 33 ದಿನ. ಇಲ್ಲಿ ಹತ್ತು ವರ್ಷದ ಮಗುವಿಗೆ ಅಲ್ಲಿನ ಲೆಕ್ಕದಲ್ಲಿ 110 ವರ್ಷ! ಇಷ್ಟು ಹತ್ತಿರ ಸುತ್ತುವ ಗ್ರಹಗಳು ಒಂದೇ ಮುಖವನ್ನು ನಕ್ಷತ್ರಕ್ಕೆ ತೋರಿಸುತ್ತಾ ಇರಬಹುದು, ನಮ್ಮ ಚಂದ್ರ ನಮಗೆ ತೋರಿಸುವ ಹಾಗೆ. ಹಾಗಿದ್ದರೆ ಅರ್ಧಭಾಗಕ್ಕೆ ಯಾವಾಗಲೂ ಹಗಲು, ಇನ್ನರ್ಧಕ್ಕೆ ಯಾವಾಗಲೂ ರಾತ್ರಿ.

ಅಷ್ಟು ಹತ್ತಿರ ಇದ್ದರೆ ಸುಟ್ಟು ಹೋಗುವುದಿಲ್ಲವಾ?

ನಕ್ಷತ್ರ ಸಣ್ಣದು, ತಣ್ಣಗಿನದು. ಕೆ2-18 ಒಂದು ಕೆಂಪು ಕುಬ್ಜ. ದ್ರವ್ಯರಾಶಿ ಸೂರ್ಯನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ನಮ್ಮ ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದರದ್ದು 3,200ರ ಆಸುಪಾಸು. ಗ್ರಹ ಅದರಿಂದ 2 ಕೋಟಿ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿದೆ. ನಮ್ಮ ಬುಧ ಸೂರ್ಯನಿಂದ ಇರುವ ದೂರದ ಅರ್ಧವೂ ಅಲ್ಲ. ಆದರೂ ಲೆಕ್ಕ ಹಾಕಿದರೆ ಗ್ರಹಕ್ಕೆ ಸಿಗುವ ಬಿಸಿಲು ಭೂಮಿಗೆ ಸಿಗುವಷ್ಟೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬಿಸಿಲು ಸಮ ಇದೆ ಎಂಬ ಈ ಒಂದು ಅಂಶದಿಂದಲೇ ಎಲ್ಲರ ಕಣ್ಣು ಅದರ ಮೇಲೆ ಬಿತ್ತು.

ಹಾಗಾದರೆ ವಾಸಯೋಗ್ಯ ವಲಯದಲ್ಲಿದೆ. ಅಂದಮೇಲೆ ವಾಸಿಸಬಹುದು ಅಲ್ವಾ?

ಈ ಪ್ರಶ್ನೆಯಲ್ಲೇ ಜಾಸ್ತಿ ಜನ ಎಡವುವುದು. ತಪ್ಪು ಕೇಳುವವರದ್ದಲ್ಲ, ಆ ಹೆಸರಿನದ್ದು. ವಾಸಯೋಗ್ಯ ವಲಯ ಅಂದರೆ, ಭೂಮಿಯಂಥ ಗಾಳಿಯಿರುವ ಕಲ್ಲಿನ ಗ್ರಹವನ್ನು ಅಲ್ಲಿಟ್ಟರೆ ನೀರು ನೀರಾಗಿಯೇ ಉಳಿಯಬಹುದಾದ ದೂರ. ಆ "ಭೂಮಿಯಂಥ" ಎಂಬ ಷರತ್ತನ್ನು ಎಲ್ಲರೂ ಮರೆಯುತ್ತಾರೆ.

ಒಲೆಯಿಂದ ಒಂದೇ ದೂರದಲ್ಲಿ ಇಬ್ಬರು ಕೂತಿದ್ದಾರೆ ಎಂದುಕೊಳ್ಳಿ. ಒಬ್ಬರು ತೆಳು ಪಂಚೆ ಹೊದ್ದಿದ್ದಾರೆ, ಇನ್ನೊಬ್ಬರು ಎರಡು ಕಂಬಳಿ. ಶಾಖ ಒಂದೇ, ಆದರೆ ಮೈಯ ಬಿಸಿ ಒಂದೇ ಅಲ್ಲ. ಗ್ರಹಕ್ಕೆ ಗಾಳಿಯೇ ಕಂಬಳಿ. ಭೂಮಿಗೆ ಕಂಬಳಿಯೇ ಇಲ್ಲದಿದ್ದರೆ ಸರಾಸರಿ ತಾಪಮಾನ ಮೈನಸ್ 18 ಡಿಗ್ರಿ ಇರುತ್ತಿತ್ತು. ನಮ್ಮ ತೆಳು ಗಾಳಿ ಅದನ್ನು 15ಕ್ಕೆ ಏರಿಸಿದೆ. ಕೆ2-18ಬಿಯ ಕಂಬಳಿ ಜಲಜನಕದ್ದು, ದಪ್ಪನೆಯದು. ದಪ್ಪ ಜಲಜನಕ ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆ. ಸರಿಯಾದ ದೂರದಲ್ಲೇ ಕೂತಿದ್ದರೂ ಒಳಗೆ ಕುದಿಯುತ್ತಿರಬಹುದು. ಅಲ್ಲಿ ಕಡಲು ಇರಬೇಕಾದರೆ ಮೇಲಿನ ಮೋಡ ಅಥವಾ ಮಬ್ಬು ಬರುವ ಬೆಳಕಿನ ಅರ್ಧದಷ್ಟನ್ನಾದರೂ ಹಿಂದಕ್ಕೆ ಕಳಿಸಬೇಕು ಎನ್ನುವುದು ಮಾದರಿ ಕಟ್ಟಿ ನೋಡಿದವರ ಲೆಕ್ಕ. ಅಷ್ಟು ಬೆಳ್ಳಗಿನ ಮೋಡ ಅಲ್ಲಿದೆ ಎಂಬುದಕ್ಕೆ ಸಾಕ್ಷಿ ಇನ್ನೂ ಬಂದಿಲ್ಲ.

ಫೋಟೋ ಇದೆಯಾ? ನೀಲಿ ಬಣ್ಣದ ಗ್ರಹ ನೋಡಿದ್ದೇನೆ.

ನೀವು ನೋಡಿದ್ದು ಕಲಾವಿದರು ಬರೆದ ಚಿತ್ರ. ಈ ಗ್ರಹದ ಫೋಟೋ ಯಾರ ಬಳಿಯೂ ಇಲ್ಲ. ಟೆಲಿಸ್ಕೋಪಿನಲ್ಲಿ ಅದು ಒಂದು ಚುಕ್ಕೆಯಾಗಿಯೂ ಬೇರೆ ಕಾಣುವುದಿಲ್ಲ. ನಕ್ಷತ್ರದ ಬೆಳಕಿನಲ್ಲಿ ಮುಳುಗಿಹೋಗಿರುತ್ತದೆ.

ನೋಡದೇ ಅಲ್ಲಿನ ಗಾಳಿಯಲ್ಲಿ ಏನಿದೆ ಎಂದು ಹೇಗೆ ಹೇಳುತ್ತಾರೆ?

ನನಗೆ ಉತ್ತರಿಸಲು ಬಹಳ ಖುಷಿ ಕೊಡುವ ಪ್ರಶ್ನೆ.

ಗ್ರಹ ನಕ್ಷತ್ರದ ಮುಂದೆ ಎರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಹಾಯುತ್ತದೆ. ಆಗ ಬೆಳಕು 10,000ದಲ್ಲಿ ಸುಮಾರು 29 ಪಾಲು ಕಡಿಮೆಯಾಗುತ್ತದೆ. ಅಷ್ಟು ಹೊತ್ತು ನಕ್ಷತ್ರದ ಬೆಳಕಿನ ಒಂದು ಎಳೆ ಗ್ರಹದ ಅಂಚಿನ ಗಾಳಿಯ ಒಳಗೆ ತೂರಿ ನಮ್ಮ ಕಡೆ ಬರುತ್ತದೆ. ಆ ಗಾಳಿಯಲ್ಲಿರುವ ಪ್ರತಿ ಅನಿಲವೂ ತನಗೆ ಬೇಕಾದ ಬಣ್ಣಗಳನ್ನು ನುಂಗುತ್ತದೆ. ಮೀಥೇನ್ ನುಂಗುವ ಬಣ್ಣಗಳು ಬೇರೆ, ನೀರಾವಿ ನುಂಗುವ ಬಣ್ಣಗಳು ಬೇರೆ. ಅನಿಲ ನುಂಗುವ ಬಣ್ಣದಲ್ಲಿ ನೋಡಿದರೆ ಗ್ರಹ ಕೂದಲೆಳೆಯಷ್ಟು ದಪ್ಪ ಕಾಣುತ್ತದೆ, ನುಂಗದ ಬಣ್ಣದಲ್ಲಿ ಸಣ್ಣ. ಈ ದಪ್ಪ-ಸಣ್ಣದ ಪಟ್ಟಿಯೇ ಅನಿಲದ ಸಹಿ.

ಈ ವ್ಯತ್ಯಾಸ ಎಷ್ಟು ಗೊತ್ತಾ? ಲಕ್ಷದಲ್ಲಿ ಹತ್ತಿಪ್ಪತ್ತು ಪಾಲು. ಅದನ್ನು ಅಳೆಯಲು 2021ರ ಕ್ರಿಸ್ಮಸ್ ದಿನ ಹಾರಿದ ಜೇಮ್ಸ್ ವೆಬ್ ದೂರದರ್ಶಕ ಬೇಕಾಯಿತು. 6.5 ಮೀಟರ್ ಅಗಲದ ಕನ್ನಡಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹಿಡಿಯುವ ಉಪಕರಣಗಳು. ಜೀವ ಇದೆಯೋ ಇಲ್ಲವೋ ಎಂಬ ಜಗಳವೆಲ್ಲ ನಿಂತಿರುವುದು ಈ ಲಕ್ಷದ ಹತ್ತಿಪ್ಪತ್ತು ಪಾಲಿನ ಮೇಲೆ ಎಂಬುದನ್ನು ದಯವಿಟ್ಟು ನೆನಪಿಡಿ.

ಯಾವ ಅನಿಲಗಳು ಸಿಕ್ಕಿವೆ?

2019ರಲ್ಲಿ ಹಬಲ್ ದೂರದರ್ಶಕದ ಮಾಹಿತಿ ನೋಡಿ ಎರಡು ತಂಡಗಳು ನೀರಾವಿ ಇದೆ ಎಂದವು. ಆಗಲೂ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ವೆಬ್ ನೋಡಿದಾಗ ಅದು ಮೀಥೇನ್ ಎಂದಾಯಿತು. ಹಬಲ್ ನೋಡಿದ ಆ ಒಂದು ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಕೇಂಬ್ರಿಜ್ ತಂಡ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಎರಡೂ ಇವೆ, ಒಂದೊಂದೂ ನೂರಕ್ಕೆ ಸುಮಾರು ಒಂದು ಪಾಲು ಇದೆ ಎಂದಿತು. ಮೀಥೇನ್ ಬಗ್ಗೆ ಈಗ ತಕರಾರು ಇಲ್ಲ. ಡೈಆಕ್ಸೈಡ್ ಬಗ್ಗೆ ಒಂದು ತಂಡ ಅನುಮಾನ ಎತ್ತಿತ್ತು. ಇನ್ನಷ್ಟು ಸಲ ನೋಡಿದ ಮೇಲೆ ಅದೂ ಇದೆ ಎಂಬ ಕಡೆಗೇ ತಕ್ಕಡಿ ವಾಲಿದೆ.

ಅಮೋನಿಯಾ ಸಿಕ್ಕಿಲ್ಲ. ಸಿಗದಿರುವುದೂ ಒಂದು ಸುಳಿವೇ. ಜಲಜನಕ ತುಂಬಿದ ಗಾಳಿಯಲ್ಲಿ ಅಮೋನಿಯಾ ಇರಬೇಕಿತ್ತು. ಕೆಳಗೆ ಕಡಲಿದ್ದರೆ ಅದು ಕರಗಿಹೋಗಿರಬಹುದು.

"ಹೈಸೀನ್" ಗ್ರಹ ಅಂದರೇನು?

2021ರಲ್ಲಿ ನಿಕ್ಕು ಮಧುಸೂದನ್ ಮತ್ತು ಅವರ ಜೊತೆಯವರು ಮುಂದಿಟ್ಟ ಕಲ್ಪನೆ. ಹೈಡ್ರೋಜನ್ ಮತ್ತು ಓಶನ್ ಪದಗಳನ್ನು ಸೇರಿಸಿ ಮಾಡಿದ ಹೆಸರು. ಮೇಲೆ ಜಲಜನಕದ ಗಾಳಿ, ಕೆಳಗೆ ಗ್ರಹವನ್ನೆಲ್ಲ ಮುಚ್ಚಿದ ಕಡಲು. ದಡ ಇಲ್ಲ, ದ್ವೀಪ ಇಲ್ಲ. ಕಡಲಿನ ತಳದಲ್ಲಿ ಒತ್ತಡಕ್ಕೆ ನೀರೇ ಗಟ್ಟಿಯಾಗಿ, ಬಿಸಿ ಇದ್ದರೂ ಹಿಮದಂತಿರುತ್ತದೆ.

ಮಧುಸೂದನ್ ಭಾರತದಲ್ಲಿ ಹುಟ್ಟಿದವರು. ವಾರಾಣಸಿಯ ಐಐಟಿಯಲ್ಲಿ ಓದಿ, ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ಮಾಡಿ, ಈಗ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕರು. ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಬೆನ್ನು ನೆಟ್ಟಗಾಗುವುದನ್ನು ನಾನು ಕಂಡಿದ್ದೇನೆ.

ಈ ಕಲ್ಪನೆಗೆ ಒಂದು ತೊಡಕು ಇದೆ. ಜೀವಕ್ಕೆ ನೀರೊಂದೇ ಸಾಲದು. ರಂಜಕದಂಥ ಲವಣಗಳು ಬೇಕು. ನಮ್ಮ ಕಡಲಿಗೆ ಅವು ಹೊಳೆಗಳು ಕೊರೆದು ತಂದ ಮಣ್ಣು-ಕಲ್ಲಿನಿಂದ ಬರುತ್ತವೆ. ಹೊಳೆಯೇ ಇಲ್ಲದ, ತಳದಲ್ಲಿ ಹಿಮದ ಹಾಸು ಇರುವ ಕಡಲಿಗೆ ಅವನ್ನು ಯಾರು ತಂದು ಹಾಕಬೇಕು?

ಆ ಅನಿಲ, ಡಿಎಂಎಸ್, ಅದರ ಕಥೆ ಏನು?

ಡೈಮಿಥೈಲ್ ಸಲ್ಫೈಡ್. ಹೆಸರು ದೊಡ್ಡದು, ವಾಸನೆ ಪರಿಚಯದ್ದೇ. ಮಲ್ಪೆಯಲ್ಲೋ ಕಾರವಾರದಲ್ಲೋ ಬಸ್ಸಿಳಿದ ಕೂಡಲೇ ಮೂಗಿಗೆ ಬರುವ ಕಡಲ ವಾಸನೆಯಲ್ಲಿ ಇದರ ಪಾಲಿದೆ. ಎಲೆಕೋಸು ಬೇಯುವಾಗಿನ ಆ ಘಾಟಿನಲ್ಲೂ ಇದೆ. ಕಡಲಿನಲ್ಲಿ ಬರಿಗಣ್ಣಿಗೆ ಕಾಣದ ಪಾಚಿಗಳು ಸತ್ತಾಗ, ಒಡೆದಾಗ ಇದು ಹೊರಬರುತ್ತದೆ. ಭೂಮಿಯ ಗಾಳಿಯಲ್ಲಿ ಇದು ನೂರು ಕೋಟಿಗೆ ಒಂದು ಪಾಲೂ ಇರುವುದಿಲ್ಲ.

2023ರಲ್ಲಿ ಇದರ ಬಹಳ ದುರ್ಬಲ ಸುಳಿವಿದೆ ಎಂದು ಮಧುಸೂದನ್ ತಂಡ ಹೇಳಿತ್ತು. ವೆಬ್‌ನ ಇನ್ನೊಂದು ಉಪಕರಣದಿಂದ ಮತ್ತೆ ನೋಡಿ, 2025ರ ಏಪ್ರಿಲ್ 17ರಂದು ಫಲಿತಾಂಶ ಪ್ರಕಟಿಸಿತು. ಡಿಎಂಎಸ್ ಅಥವಾ ಅದರ ದಾಯಾದಿ ಡಿಎಂಡಿಎಸ್, ಅಥವಾ ಎರಡೂ ಇರಬಹುದು, ಅದೂ ಭೂಮಿಗಿಂತ ಸಾವಿರಾರು ಪಟ್ಟು ಜಾಸ್ತಿ ಎಂದಿತು. ನಂಬಿಕೆಯ ಮಟ್ಟ "ಮೂರು ಸಿಗ್ಮಾ".

ಮೂರು ಸಿಗ್ಮಾ ಅಂದರೆ ಶೇ 99.7 ಖಚಿತ ಅಂತ ಓದಿದೆ. ಇನ್ನೇನು ಬೇಕು?

ಹಾಗೆ ಓದಬಾರದು. ಅಳತೆಯ ಗದ್ದಲದಲ್ಲೇ ಸುಮ್ನೆ ಇಂಥ ಏರಿಳಿತ ಹುಟ್ಟುವ ಸಾಧ್ಯತೆ ಶೇ 0.3 ಎಂದಷ್ಟೇ ಅದರ ಅರ್ಥ. ಅದು ಡಿಎಂಎಸ್ ಹೌದೋ ಬೇರೆ ಅನಿಲವೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ವಿಜ್ಞಾನದಲ್ಲಿ ಕಂಡುಹಿಡಿದೆವು ಎನ್ನಲು ಐದು ಸಿಗ್ಮಾ ಕೇಳುವುದು ವಾಡಿಕೆ. ಅಲ್ಲಿ ಆ ಸಾಧ್ಯತೆ ಶೇ 0.00006ಕ್ಕಿಂತ ಕಡಿಮೆ. ವೆಬ್‌ನಲ್ಲಿ ಇನ್ನೂ 16ರಿಂದ 24 ಗಂಟೆ ನೋಡಿದರೆ ಅಲ್ಲಿಗೆ ಮುಟ್ಟಬಹುದು ಎಂದು ಕೇಂಬ್ರಿಜ್ ತಂಡವೇ ಹೇಳಿತ್ತು.

ಆದರೆ ಬೇರೆಯವರು ಅದೇ ಮಾಹಿತಿ ತೆಗೆದು ನೋಡಿದಾಗ ಚಿತ್ರ ಬದಲಾಯಿತು. ಆಕ್ಸ್‌ಫರ್ಡ್‌ನ ಜೇಕ್ ಟೇಲರ್ ಅದೇ ಬಿಂದುಗಳ ಮೇಲೆ ನೇರ ಗೆರೆ ಎಳೆದು, ಇದಕ್ಕೂ ಹೊಂದುತ್ತದೆ ಎಂದರು. ನೇರ ಗೆರೆ ಅಂದರೆ ಯಾವ ಅನಿಲದ ಸಹಿಯೂ ಇಲ್ಲ ಎಂದರ್ಥ. ಶಿಕಾಗೊ ವಿಶ್ವವಿದ್ಯಾಲಯದ ತಂಡ ವೆಬ್‌ನ ಎಲ್ಲ ಮಾಹಿತಿಯನ್ನೂ ಒಟ್ಟಿಗೆ ಇಟ್ಟು ನೋಡಿ, ಡಿಎಂಎಸ್ ಇದೆ ಎನ್ನುವಷ್ಟು ಪುರಾವೆ ಇಲ್ಲ ಎಂದಿತು.

ಇನ್ನೊಂದು ಪೆಟ್ಟೂ ಬಿತ್ತು. ಡಿಎಂಎಸ್ ಇದ್ದರೂ ಅದು ಜೀವದ ಗುರುತು ಆಗಲೇಬೇಕೆಂದಿಲ್ಲ. 67ಪಿ ಎಂಬ ಧೂಮಕೇತುವಿನಲ್ಲಿ ಇದು ಇದೆ ಎಂದು ರೊಸೆಟ್ಟಾ ನೌಕೆಯ ಮಾಹಿತಿ ನೋಡಿದವರು 2024ರಲ್ಲಿ ತೋರಿಸಿದರು. ಆ ಹೆಪ್ಪುಗಟ್ಟಿದ ಧೂಳಿನ ಉಂಡೆಯಲ್ಲಿ ಯಾವ ಪಾಚಿ? ಪ್ರಯೋಗಾಲಯದಲ್ಲೂ ಅನಿಲಗಳ ಮೇಲೆ ನೇರಳಾತೀತ ಬೆಳಕು ಹಾಯಿಸಿ, ಜೀವದ ಸಹಾಯವಿಲ್ಲದೆ ಇದನ್ನು ಮಾಡಿ ತೋರಿಸಿದ್ದಾರೆ.

ಹಾಗಾದರೆ ಮಧುಸೂದನ್ ಸುಳ್ಳು ಹೇಳಿದರಾ?

ಖಂಡಿತ ಇಲ್ಲ. ಈ ಮಾತು ಕೇಳಿದಾಗ ನನಗೆ ಬೇಜಾರಾಗುತ್ತದೆ. ಅವರು ತಮ್ಮ ಅಳತೆಯನ್ನೂ ಅದರ ಮಿತಿಯನ್ನೂ ಬರೆದರು. ಬೇರೆಯವರು ಪರೀಕ್ಷಿಸಿದರು. ವಿಜ್ಞಾನ ನಡೆಯುವುದೇ ಹೀಗೆ. ಸುದ್ದಿಯಲ್ಲಿ "ಇರಬಹುದು" ಎಂಬ ಪದ ಬಿದ್ದುಹೋದದ್ದಕ್ಕೆ ಅವರು ಹೊಣೆಯಲ್ಲ.

ಕಡಲು ಇಲ್ಲದಿದ್ದರೆ ಅಲ್ಲಿ ಏನಿರಬಹುದು?

ಎರಡು ವಾದಗಳನ್ನು ಹೇಳುತ್ತೇನೆ. ಒಂದು, ಇದು ಪುಟ್ಟ ನೆಪ್ಚೂನ್. ಕೆಳಗಿಳಿದಷ್ಟೂ ಅನಿಲ ದಟ್ಟವಾಗುತ್ತಾ, ಬಿಸಿಯಾಗುತ್ತಾ ಹೋಗುತ್ತದೆ, ಮೇಲ್ಮೈ ಎಂಬುದೇ ಇರುವುದಿಲ್ಲ. ಇನ್ನೊಂದು, ಕೆಳಗೆ ಕರಗಿದ ಕಲ್ಲಿನ ಕಡಲಿದೆ. ಅಮೋನಿಯಾ ಕಾಣದಿರುವುದಕ್ಕೆ ಇಲ್ಲೂ ಉತ್ತರ ಸಿಗುತ್ತದೆ, ಕರಗಿದ ಕಲ್ಲು ಸಾರಜನಕವನ್ನು ನುಂಗಿಕೊಳ್ಳುತ್ತದೆ. ಒಂದೇ ಸುಳಿವು ತಣ್ಣನೆಯ ನೀರಿಗೂ ಹೊಂದುತ್ತದೆ, ಕೆಂಡದಂಥ ಕಲ್ಲಿಗೂ ಹೊಂದುತ್ತದೆ. ಒಳಗೆ ನೀರಿನ ಅಂಶ ಧಾರಾಳ ಇದೆ ಎಂಬ ಕಡೆಗೆ 2025ರ ಹೊಸ ವೀಕ್ಷಣೆಗಳು ವಾಲುತ್ತವೆ. ಆದರೆ ಒಳಗಿನ ನೀರೆಲ್ಲ ಕಡಲಾಗಿಯೇ ಇರಬೇಕಿಲ್ಲ, ಕಾದ ಆವಿಯಾಗಿಯೂ ಇರಬಹುದು.

ನನ್ನ ಮನಸ್ಸು ಕಡಲನ್ನು ಬಯಸುತ್ತದೆ. ಸಾಕ್ಷಿ ನೋಡಿದರೆ ಪುಟ್ಟ ನೆಪ್ಚೂನ್ ಎನ್ನುವವರ ವಾದ ಹೆಚ್ಚು ಗಟ್ಟಿ ಅನಿಸುತ್ತದೆ.

ನಾವು ಅಲ್ಲಿಗೆ ಹೋಗಬಹುದಾ?

ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿರುವ ವಾಯೇಜರ್-1ರ ವೇಗದಲ್ಲಿ ಹೊರಟರೆ ಸುಮಾರು 22 ಲಕ್ಷ ವರ್ಷ ಬೇಕು. ಇಲ್ಲಿನ ಕೆರೆ-ಕಾಡು ಹಾಳುಮಾಡಿ ಓಡಿಹೋಗಲು ಅದು ಜಾಗವಲ್ಲ.

ನಾನು ಮನೆಯಿಂದ ನೋಡಬಹುದಾ?

ಗ್ರಹ ಕಾಣುವುದಿಲ್ಲ. ನಕ್ಷತ್ರವೂ ಬರಿಗಣ್ಣಿಗೆ ಸಿಗದಷ್ಟು ಮಂಕು. ಊರ ಬೆಳಕಿಲ್ಲದ ಕಡೆ ಹತ್ತು-ಹನ್ನೆರಡು ಇಂಚು ಕನ್ನಡಿಯ ಟೆಲಿಸ್ಕೋಪ್ ಮತ್ತು ಒಳ್ಳೆಯ ನಕ್ಷೆ ಇದ್ದರೆ ಸಣ್ಣ ಚುಕ್ಕೆಯಾಗಿ ಸಿಗುತ್ತದೆ. ಅಷ್ಟಿಲ್ಲದಿದ್ದರೂ ದಿಕ್ಕು ನೋಡಬಹುದು. ಮಾರ್ಚ್‌ನಿಂದ ಮೇವರೆಗೆ ಸಂಜೆಯಾದ ಮೇಲೆ ಸಿಂಹ ನೆತ್ತಿಯ ಕಡೆ ಇರುತ್ತದೆ. ಕುಡುಗೋಲಿನ ಆಕಾರದ ತಲೆ ಹುಡುಕಿ, ಅಲ್ಲಿಂದ ಬಾಲದ ಕಡೆ ಉತ್ತರೆಗೆ ಬನ್ನಿ, ಸ್ವಲ್ಪ ದಕ್ಷಿಣಕ್ಕೆ ಇಳಿಯಿರಿ. ಖಾಲಿ ಕಾಣುವ ಆ ಜಾಗದಲ್ಲೇ ಇದೆ.

ಅಲ್ಲಿ ಯಾರಾದರೂ ಇದ್ದರೆ ಅವರಿಗೆ ನಾವು ಕಾಣುತ್ತೇವಾ?

ಐದನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದ್ದು. ನನ್ನ ಬಳಿ ಆಗ ಉತ್ತರ ಇರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ.

ಅಲ್ಲಿಂದ ನೋಡಿದರೆ ನಮ್ಮ ಸೂರ್ಯ ಬರಿಗಣ್ಣಿಗೆ ಕಾಣುವುದಿಲ್ಲ, ಬೈನಾಕ್ಯುಲರ್ ಬೇಕು. ನಾವು ಅವರ ಗ್ರಹವನ್ನು ಹುಡುಕಿದ ಉಪಾಯದಲ್ಲಿ ಅವರು ಭೂಮಿಯನ್ನು ಹುಡುಕಲೂ ಆಗುವುದಿಲ್ಲ. ಭೂಮಿ ಸೂರ್ಯನ ಮುಂದೆ ಹಾಯುವುದು ಕಾಣಬೇಕಾದರೆ ನೋಡುವವರು ಭೂಮಿಯ ದಾರಿಯ ಸಮತಲಕ್ಕೆ ಕಾಲು ಡಿಗ್ರಿಯಷ್ಟು ಹತ್ತಿರ ಇರಬೇಕು. ಕೆ2-18 ಅದರಿಂದ ಸುಮಾರು 4 ಡಿಗ್ರಿ ಮೇಲಿದೆ. ಅವರ ಕಣ್ಣಿಗೆ ಭೂಮಿ ಸೂರ್ಯನಿಗೆ ಅಡ್ಡ ಬರುವುದೇ ಇಲ್ಲ. ಅವರ ಗ್ರಹ ಮಾತ್ರ 33 ದಿನಕ್ಕೊಮ್ಮೆ, ತಪ್ಪದೆ, ನಮ್ಮ ಕಣ್ಣೆದುರೇ ಹಾಯುತ್ತಿರುತ್ತದೆ.

ಮುಂದಿನ ಬೇಸಿಗೆಗೆ ಆ ಹುಡುಗಿ ಬಂದರೆ ಮೊದಲು ಇದನ್ನು ಹೇಳಬೇಕು.